ಎಮೀರ್ ಉಕಾಬನ ಬಟ್ಟಲು

ಮಳೆ ಹಿಡಿದಿತ್ತು. ಹಳ್ಳ ತುಂಬಿ ರಸ್ತೆ ಕೊಚ್ಚಿಹೋಗಿದ್ದರಿಂದ, ಮದುವೆಗೆಂದು ಹೊರಟಿದ್ದ ನಾವೆಲ್ಲ ಸುವೈಲಿಮ್ ಅಜ್ಜನ ಮನೆಯಲ್ಲೇ ಉಳಿದೆವು. ಕೆಂಡದ ಸುತ್ತ ಕೂತು ಖರ್ಜೂರ ತಿನ್ನುತ್ತಿದ್ದೆವು. ಅಜ್ಜನ ಮಗ ಏಲಕ್ಕಿ ಕಾಫಿ ಬಗ್ಗಿಸಿಕೊಡುತ್ತಿದ್ದ. ಕಿಟಕಿಯಾಚೆ ಹಳೆಯ ಎಮೀರರ ಮಣ್ಣಿನ ಕೋಟೆ ನೆನೆಯುತ್ತಿತ್ತು. ಶಾಲೆಯ ಮೇಷ್ಟ್ರು ಫವ್ವಾಜ್ ಅದನ್ನು ನೋಡಿ, "ಏನೇ ಹೇಳಿ, ಆಲ್ ಮಿರ್ಬಾದ್ ಮನೆತನದವರು ಆಳ್ತಿದ್ದಾಗ ಒಂದು ಶಿಸ್ತಿತ್ತು" ಎಂದ. ಅಜ್ಜನಿಗೆ ಅಷ್ಟು ಸಾಕಾಯಿತು.

"ಶಿಸ್ತಾ? ಥೂ! ಕೇಳಯ್ಯಾ ಫವ್ವಾಜ್... ಅವರ ಮುತ್ತಾತ ದಾರಿಹೋಕರ ಒಂಟೆ ಕದ್ದ, ಕದ್ದೂ ಕದ್ದೂ ಬೇಜಾರಾಗಿ 'ಇನ್ಮೇಲೆ ನಾನೇ ನಿಮ್ಮ ಕಾವಲು' ಅಂದ. ಕಳ್ಳ ಎಮೀರ ಆಗಿದ್ದು ಹಾಗೆ. ಅವನ ಮಗ ನಮ್ಮವರ ಕೈಲೇ ಮಣ್ಣು ಹೊರಿಸಿ ಆ ಕೋಟೆ ಕಟ್ಟಿಸ್ದ. ಕೊನೆಯವನು ಉಕಾಬ್... ಹದ್ದಿನ ಹೆಸರಿಟ್ಕೊಂಡ ಕೋಳಿ. ಅವನು ಮಾಡಿದ ಘನಕಾರ್ಯ ಏನು ಗೊತ್ತಾ? ಊರಬಾವಿಗೆ ಬೀಗ ಹಾಕಿದ್ದು. ಈ ಮರಳುಗಾಡಲ್ಲಿ, ಬಾವಿಗೆ ಬೀಗ!

"ಮುನೀಫಾ ಅಂತ ಒಬ್ಬ ವಿಧವೆ. ಅವಳ ಒಬ್ನೇ ಮಗ ಬೀಗ ಒಡೆದು ಕುರಿಗಳಿಗೆ ನೀರು ಕುಡಿಸ್ದ. ಅವನನ್ನ ಕೋಟೆಯ ಗುಂಡಿಗೆ ತಳ್ಳಿದ್ರು. ಅವಳು ನೇರ ದರ್ಬಾರಿಗೆ ಹೋದ್ಳು, ಕೊಟ್ಟ ಕಾಫಿ ತಗೊಂಡ್ಳು, ಕುಡೀದೆ ನೆಲದ ಮೇಲಿಟ್ಳು. ನಮ್ಮಲ್ಲಿ ಹಾಗೆ ಇಟ್ಟವರನ್ನ ಮನೆಯವನು 'ಏನು ಬೇಕು?' ಅಂತ ಕೇಳ್ಬೇಕು, ಕೇಳಿದ್ಮೇಲೆ ಕೊಡ್ಲೇಬೇಕು, ಹಗೆಯಾದ್ರೂ ಸರಿ. ಹರಕು ಗುಡಾರದ ಬಡವನೂ ಇದನ್ನ ತಪ್ಪಿಸಲ್ಲ. ಈ ಎಮೀರ? ಅವಳ ತಲೆ ಮೇಲಿಂದ ಆಚೆ ನೋಡ್ತಾ, ತನ್ನ ಕುದುರೆ ಬಾಲ ಎಷ್ಟು ಚಂದ ಅಂತ ಮಾತಾಡ್ತಾ ಕೂತ! ಕೇಳಿದ್ರೆ ತಾನೇ ಕೊಡ್ಬೇಕಾದ್ದು, ಹೇಡಿ ಕೇಳ್ಲೇ ಇಲ್ಲ. ಕಾಫಿ ತಣ್ಣಗಾಯ್ತು... ಹೊತ್ತು ಮುಳುಗ್ತು... ಗುಂಡಿಯಿಂದ ಬರ್ತಿದ್ದ ಮಗನ ಕೂಗೂ ನಿಂತ್ಹೋಯ್ತು. ಆಗ ಎದ್ದಳು. 'ಉಕಾಬ್, ನಿನ್ನ ಬಟ್ಟಲನ್ನೂ ಯಾರೂ ವಿಚಾರಿಸದೇ ಇರ್ಲಿ' ಅಂದ್ಳು.

"ಆಮೇಲೆ ಬೇರೆ ದಂಡು ಬಂತು. ಎಮೀರ ತನ್ನ ಹೆಂಡ್ತಿಯ ಬುರ್ಖಾ ಹಾಕ್ಕೊಂಡು ಓಡ್ದ. ಇಂಥದ್ದೇ ಮಳೆ. ಗುಡಾರದಿಂದ ಗುಡಾರಕ್ಕೆ ಹೋದ. ಎಲ್ಲರೂ ಕಾಫಿ ಕೊಟ್ರು, ಅದರಲ್ಲಿ ಮೋಸ ಮಾಡ್ಲಿಲ್ಲ. ಬಟ್ಟಲು ಕೆಳಗಿಟ್ಟು ಕಾದ... ಒಬ್ಬರೂ ಬಾಯಿ ಬಿಡ್ಲಿಲ್ಲ. ಹೆಣ ಹಳ್ಳದ ದಂಡೇಲಿ ಸಿಕ್ತು, ಬೆರಳು ಬಟ್ಟಲು ಹಿಡಿದ ಹಾಗೇ ಸೆಟೆದಿದ್ವು.

"ಸತ್ರೆ ಮುಗೀತಾ? ಕೂತು ಉಂಡು ಆಳಿದ ಚಟ ಸತ್ತ ಮಾತ್ರಕ್ಕೆ ಬಿಡುತ್ತಾ? ಮಳೆ ಬಂದಾಗ ಬರ್ತಾನೆ, ಕೂತವರ ನಡುವೆ ಕೂರ್ತಾನೆ. ನನ್ನ ಚಿಕ್ಕಪ್ಪನ ಮಗ ದಬ್ಬಾಸ್‌ಗೂ ನಿನ್ನ ಹಾಗೇ ದೊಡ್ಡ ಮನೆತನ ಅಂದ್ರೆ ಹಲ್ಲು ಕಿರಿಯೋ ಬುದ್ಧಿ. ಒಂದು ಸಲ, ಯಾರೂ ಮುಟ್ಟದ ಬಟ್ಟಲು ನೋಡಿ 'ಏನು ಬೇಕಾಗಿತ್ತು, ಸ್ವಾಮಿ?' ಅಂತ ಕೇಳೇಬಿಟ್ಟ. 'ಕೂರೋಕೆ ಜಾಗ' ಅಂತಂತೆ ಅದು. ಕೇಳಿದ್ಮೇಲೆ ಕೊಡ್ಬೇಕಲ್ಲ... ಕೊಟ್ಟ. ಮರುದಿನ ದಬ್ಬಾಸ್ ತನ್ನ ಬಾವಿಗೆ ಬೀಗ ಹಾಕ್ದ. ನೀರು ಕೇಳಿದ ಸ್ವಂತ ಮಗನ್ನೇ ಕಣಜಕ್ಕೆ ತಳ್ಳಿ, ಕುದುರೆ ಬಾಲದ ಮಾತಾಡ್ತಾ ಕೂತಿದ್ದ. ನಾವು ಬಾಗಿಲು ಒಡೆಯೋ ಹೊತ್ತಿಗೆ ಮಗು ಉಳಿದಿರ್ಲಿಲ್ಲ. ದಬ್ಬಾಸ್ ಹತ್ರ ಯಾವತ್ತೂ ಕುದುರೆ ಇರ್ಲೇ ಇಲ್ಲ ಕಣಯ್ಯಾ..."

ಖಾಲಿ ಬಟ್ಟಲುಗಳನ್ನು ಎತ್ತುತ್ತ ಬಂದ ಅಜ್ಜನ ಮಗ ಫವ್ವಾಜನ ಹತ್ತಿರ ನಿಂತುಬಿಟ್ಟ. ಫವ್ವಾಜನ ಪಕ್ಕ ಯಾರೂ ಕೂತಿರಲಿಲ್ಲ. ಆದರೂ ಅಲ್ಲಿನ ಹಾಸು ಒದ್ದೆಯಾಗಿತ್ತು. ಅದರ ಮುಂದೆ, ನೆಲದ ಮೇಲೆ, ತುಂಬಿದ ಬಟ್ಟಲೊಂದಿತ್ತು. ಫವ್ವಾಜ್ ಅತ್ತ ತಿರುಗಿ ಬಾಯಿ ತೆರೆದ.

"ನೋಡು ಮಗಾ, ಬೇಕಾದಷ್ಟು ನೋಡು," ಎಂದ ಅಜ್ಜ ಮೆಲ್ಲಗೆ. "ನೀನು ಅವರನ್ನ ಹೊಗಳಿದಾಗಲೇ ಬಂದು ಕೂತ್ಕೊಂಡ. ಕೇಳ್ಬೇಡ."