ಪ್ಲಾಸ್ಟಿಕ್ ಕೋಳಿಯ ಎರಡು ನಿಮಿಷ

...ನಕ್ಕೆಯಾ, ಅಕ್ಕಾ? ಇಲ್ವಾ? ಮೀನಿನ ಉಂಡೆ ಗಂಟಲಿಗೆ ಸಿಕ್ಕಿದ್ದಾ? ಸರಿ ಬಿಡು. ನಗಿಸದೆ ಬಿಡೋನಲ್ಲ ನಾನು. ಆ ರೊಸ್ವಿ ಭಾರ ಎತ್ತುವಾಗ ಮುಖ ಹೆಂಗೆ ಮಾಡಿದ್ಲು ಗೊತ್ತಾ? ಹೀಗೆ... ಹಲ್ಲುನೋವು ಬಂದ ಮೇಕೆ ಥರ! ನೋಡಕ್ಕಾ, ಇಲ್ಲಿ ನೋಡು... ನೋಡಲ್ವಾ. ಹೋಗ್ಲಿ.

ಜೊವೆಲಿನಕ್ಕಾ, ಎಂಬತ್ತೈದು ಕೆಜಿ ನಿನಗೇನು ಮಹಾ? ಕೋಚ್ ಕೊಟ್ಟ ಹಳೇ ಕಂಬಿಗೆ ಅಷ್ಟೇ ತೂಕ ಸಿಕ್ಕಿಸಿ ನಮ್ಮನೆ ಹಿತ್ತಲಲ್ಲಿ ಒಂದೇ ಸಂಜೆ ಐದು ಸಲ ಎತ್ತಿದೋಳು ನೀನು! ಅಜ್ಜಿ ಉಣ್ಣೋ ಕೈಲೇ ಓಡಿಬಂದು ಚಪ್ಪಾಳೆ ತಟ್ಟಿ, ಅಗುಳೆಲ್ಲ ನನ್ನ ತಲೆ ಮೇಲೆ! ಇವತ್ತು ಆಯ್ಕೆಯಲ್ಲಿ ಎರಡು ಸಲ ಕೈಕೊಡ್ತು, ಅಷ್ಟೇ. ಸೆಕೆ ಕಣೇ. ಹಾಲ್‌ನಲ್ಲಿ ಒಂದು ಫ್ಯಾನೂ ತಿರುಗ್ತಿರಲಿಲ್ಲ...

ಏನು ತಲೆ ಆಡಿಸ್ತೀಯ? ಸೆಕೆ ಎಲ್ಲರಿಗೂ ಇತ್ತಾ? ಅದೂ ಸರಿ.

ಆದ್ರೆ ಅಷ್ಟಕ್ಕೇ ಕೋಚ್ ಬಾಲ್ದೊ ಹತ್ರ ಹೋಗಿ, "ನನ್ನ ಹೆಸರು ಹೊಡೆದುಹಾಕಿ, ನನ್ನ ಮೈಯಲ್ಲಿ ತ್ರಾಣ ಇಲ್ಲ" ಅನ್ನೋದಾ? ಇನ್ನು ಆರು ವಾರಕ್ಕೆ ದವಾವೊ ಪಂದ್ಯ. ಅಲ್ಲಿ ಗೆದ್ರೆ ಮನಿಲಾ ಶಿಬಿರ. ಮೀನು ಡಬ್ಬಿಗೆ ತುಂಬೋ ಆ ಕಾರ್ಖಾನೆಗೆ ಟಾಟಾ! ಕೋಚ್ ಇನ್ನೂ ಆಯ್ಕೆ ಪಟ್ಟಿ ಹಿಡ್ಕೊಂಡು ಒಳಗೇ ಕೂತಿದಾರೆ, ಐದು ಗಂಟೆಗೆ ಮೇಲಿನೋರಿಗೆ ಕೊಟ್ಟುಬಿಡ್ತಾರೆ. ಏ, ಶೂ ಯಾಕೆ ಬಿಚ್ಚಿಟ್ಟೆ? ರೊಸ್ವಿಗೆ ಕೊಡ್ತೀಯಾ? ಬಾತುಕೋಳಿ ಪಾದ ಅವಳದ್ದು, ಹರಿದೇ ಹೋಗುತ್ತೆ!

ಹಾಗೆ ನೋಡಬೇಡ. ನಾನೇನು ಮಾಡಿದೆ?

ಹೂಂ, ಗೊತ್ತು. ಉಳಿದೋರೆಲ್ಲ ಮುಗಿಸಿದ್ರು, ನಿನ್ನ ಹಿಂದೆ ನೀನೇ ಎತ್ತಬೇಕಿತ್ತು. ಆಗ ನಡುವೆ ಸುಧಾರಿಸ್ಕೊಳ್ಳೋಕೆ ಎರಡೇ ನಿಮಿಷ. ಪಂದ್ಯದ ನಿಯಮ. ಏನು? ಗೋಡೆ ಗಡಿಯಾರ ಬಹಳ ಜೋರು ಓಡ್ತು ಅನ್ನಿಸ್ತಾ? ಆ ಗಡಿಯಾರಾನೇ ಮೋಸದ್ದು ಇರಬೇಕು! ...ಇಲ್ಲ, ನಾನು ಬೆವರ್ತಿಲ್ಲ. ಸೆಕೆ ಅಂದ್ನಲ್ಲ.

ಅದಕ್ಕೇ ತಾನೆ ಕೋಚ್ ಮನೇಲೂ ಎರಡೇ ನಿಮಿಷ ಸುಧಾರಿಸ್ಕೋ ಅಂದಿದ್ದು. ಅದಕ್ಕೇ ತಾನೆ ನೀನು, ಅಜ್ಜಿ ಮೊಟ್ಟೆ ಬೇಯಿಸೋಕೆ ಇಟ್ಕೊಂಡಿದ್ದ, ತಿರುಗಿಸಿದಷ್ಟು ನಿಮಿಷಕ್ಕೆ ಕೂಗೋ ಆ ಪ್ಲಾಸ್ಟಿಕ್ ಕೋಳಿ ಗಡಿಯಾರ ನನ್ನ ಕೈಗೆ ಕೊಟ್ಟು, "ಬುಚೊಯ್, ನಿನಗೆ ಬೇರೆ ಕೆಲಸ ಇಲ್ಲ, ಕೋಳಿ ಕತ್ತು ತಿರುಗಿಸು" ಅಂದಿದ್ದು. ತಿರುಗಿಸಿದೆ! ಪ್ರತಿ ಸಲ ತಿರುಗಿಸಿದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ರೂ ಎರಡು ಅನ್ನೋ ಅಂಕಿ ಓದೋಕೆ ಬರುತ್ತೆ ನನಗೆ.

ಏ ಏ, ನನ್ನ ಚೀಲ ಯಾಕೆ? ಅದರಲ್ಲಿಲ್ಲ. ಮನೇಲಿದೆ. ಬಿಡೇ ಅಕ್ಕಾ... ಓ. ಇತ್ತಾ! ನೋಡಿದ್ಯಾ, ಕಳ್ಳ ಕೋಳಿ, ಪಂದ್ಯ ನೋಡೋಕೆ ತಾನೇ ಹತ್ತಿ ಕೂತಿದೆ...

ಯಾಕೆ ತಿರುಗಿಸ್ತೀಯ? ಮೊಟ್ಟೆ ಎಲ್ಲಿ? ...ಎರಡಕ್ಕಾ? ಅಲ್ಲೀವರೆಗೂ ನಾನು ಸುಮ್ಮನಿರಬೇಕಾ? ನಾನಾ! ಆಯ್ತು ಆಯ್ತು. ಬಾಯಿಗೆ ಬೀಗ.

...

ಒಂದೇ ಒಂದು ಜೋಕು...? ಬೇಡ್ವಾ.

...

ಅಯ್ಯಯ್ಯೋ! ಬೆಚ್ಚಿಬಿದ್ದೆ! ಇಷ್ಟು ಬೇಗ ಕೂಗ್ತಾ? ಕೆಟ್ಟಿದೆ ಇದು, ಖಂಡಿತ ಕೆಟ್ಟಿದೆ. ಇದು ಕೂಗೋದ್ರೊಳಗೆ ನಾನು ಆ ಪಾದ್ರಿ, ಹಂದಿ, ದೋಣಿ ಕಥೆ ಪೂರ್ತಿ ಹೇಳಿ, ನೀನು ಬಿದ್ದು ಬಿದ್ದು ನಕ್ಕು, ನೀರು ಕುಡಿದು, "ಇನ್ನೊಂದು ಹೇಳೋ ಕತ್ತೆ" ಅಂತಿದ್ದೆ. ಅಷ್ಟೊತ್ತು ಇರ್ತಿತ್ತು... ಅಷ್ಟೊತ್ತು...

ಕೋಳಿ ಮುಖ ಯಾಕೆ ನನ್ನ ಕಡೆ ತಿರುಗಿಸಿಡ್ತೀಯ?

ಬೈಯೇ ಅಕ್ಕಾ. ಶೂ ತಗೊಂಡು ಎಸಿ ಬೇಕಾದ್ರೆ. ಸುಮ್ಮನೆ ಮಾತ್ರ ಕೂರಬೇಡ.

...ನಾಲ್ಕು.

ನಾಲ್ಕಕ್ಕೆ ತಿರುಗಿಸ್ತಿದ್ದೆ. ಕೆಲವು ಸಲ ಐದಕ್ಕೆ. ಮೊದಮೊದಲು ಬರೀ ತಮಾಷೆಗೆ, ಆಣೆಗೂ. ನಿನಗೆ ಗೊತ್ತಾಗುತ್ತಾ ನೋಡೋಣ ಅಂತ. ನೀನು ನಗ್ತಾ ನಗ್ತಾ ಗಮನಿಸಲೇ ಇಲ್ಲ. ಆಮೇಲೆ... ನೋಡು, ಎದ್ರೆ ಕಾರ್ಖಾನೆ, ಬಂದ್ರೆ ಕಂಬಿ, ಅದು ಮುಗಿದ್ರೆ ತಟ್ಟೆ ಮುಂದೇ ತೂಕಡಿಸ್ತೀಯ. ಕಂಬಿ ಕೆಳಗಿಟ್ಟು ಆ ಬೆಂಚಿನ ಮೇಲೆ ಕೂರ್ತಿದ್ದೆಯಲ್ಲ, ಆಗ ಮಾತ್ರ ನೀನು ನನಗೆ ಸಿಗ್ತಿದ್ದೆ. ಎರಡು ನಿಮಿಷ ಸಾಲ್ತಿರಲಿಲ್ಲ ಕಣೇ.

ನಿನ್ನ ಮೈಯಲ್ಲಿ ಯಾವ ಕೊರತೆಯೂ ಇಲ್ಲ. ಅದಕ್ಕೆ ನಾಲ್ಕು ನಿಮಿಷದ ಚಟ ಹತ್ತಿಸಿದೋನು ನಾನು.

ಎದ್ದೆ ಯಾಕೆ? ಎಲ್ಲಿಗೆ? ...ಶೂ ಹಾಕ್ಕೋತಿದೀಯ. ಕೋಚ್ ಹತ್ರಾನಾ, ಹೆಸರು ಉಳಿಸಿ ಅನ್ನೋಕಾ? ನಾನೂ ಬರ್ಲಾ? ನಾನೇ ಹೇಳ್ತೀನಿ ಅವರಿಗೆ... ಬೇಡ್ವಾ.

ಇದೇನು, ಮತ್ತೆ ತಿರುಗಿಸಿ ನನ್ನ ಕೈಗೇ ಕೊಡ್ತೀಯ? ನನ್ನ ಕೈಗಾ?

ಎರಡಕ್ಕೇ ಇದೆ. ಕೂಗೋದ್ರೊಳಗೆ ಬರ್ತೀಯಾ? ಹೂಂ. ಹೋಗು, ಪಟ್ಟಿ ಕೊಟ್ಟುಬಿಟ್ಟಾರು, ಓಡು! ಇಗೋ, ಮೆಟ್ಟಿಲ ಮೇಲಿಟ್ಟೆ. ಕೈ ಕಟ್ಟಿದೆ.

ಮುಟ್ಟಲ್ಲ. ಹೋಗೇ, ಈ ಸಲ ಮುಟ್ಟಲ್ಲ.