ಸೆರಗು ಹಿಡಿದು ಜಗ್ಗುವವಳು

ಮಳೆ ನಿಲ್ಲುವ ಹಾಗೆ ಕಾಣುವುದಿಲ್ಲ. ಕರೆಂಟೂ ಹೋಗಿದೆ. ಬನ್ನಿ, ಎಲ್ಲರೂ ಈ ಭತ್ತದ ಚೀಲಗಳ ಹತ್ತಿರ ಬನ್ನಿ, ಲಾಟೀನು ನಡುವೆ ಇಡಿ. ಏ ಗುಡ್ಡಮ್ಮ, ಆ ಬೆಲ್ಟಿನ ಪಕ್ಕ ಕೂರಬೇಡ ಎಂದೆನಲ್ಲ?

"ನಿಂತಿರೋ ಬೆಲ್ಟು ಏನ್ ಮಾಡ್ತತಿ ಹುಲಿಯಜ್ಜಿ? ಇಲ್ಲಿ ಗ್ವಾಡಿಗೆ ಒರಗಾಕ, ಕಾಲು ಚಾಚಾಕ ಚಲೋ ಐತಿ."

ನಗು, ನಗು. ಸಾಹುಕಾರರ ಮೊಮ್ಮಗ ಸ್ಟಾರ್ಟರಿನ ಗುಂಡಿಗೆ ಕಡ್ಡಿ ಸಿಕ್ಕಿಸಿದ್ದಾನೆ, ಕರೆಂಟು ಬಂದ ತಕ್ಷಣ ಮಿಲ್ಲು ತಾನೇ ಓಡಲಿ ಎಂದು. ಅದು ಸಾಲದು ಎಂದು ಸ್ಟಾರ್ಟರಿನ ಕೋಣೆಗೆ ಬೀಗ ಹಾಕಿಕೊಂಡು ಊಟಕ್ಕೆ ಹೋದ. ಕಡ್ಡಿ ತೆಗೆದು ಹೋಗಪ್ಪ ಎಂದರೆ, "ನಿನಗ್ಯಾಕಜ್ಜಿ ಮಿಲ್ಲಿನ ಉಸಾಬರಿ?" ಎಂದ. ಇವನ ಅಜ್ಜ ಸದಾಶಿವಪ್ಪನೂ ಹೀಗೇ ಅನ್ನುತ್ತಿದ್ದ... ಅದೇ ಮಾತು, ಅದೇ ಮೂಗು. ದೆವ್ವದ ಕತೆ ಬೇಕು ಎಂದು ಬೆಳಗಿನಿಂದ ಕಾಡುತ್ತಿದ್ದೀರಿ. ಆ ಅಜ್ಜನ ಕತೆಯನ್ನೇ ಹೇಳುತ್ತೇನೆ. ಅದರಲ್ಲಿ ದೆವ್ವವೂ ಇದೆ.

ಮೈಸೂರಿಗೂ ಧಾರವಾಡಕ್ಕೂ ಒಂದೇ ಸರ್ಕಾರ ಆಯಿತು ಎಂದು ಶಿಕಾರಿಪುರದಲ್ಲಿ ಪೆಂಡಾ ಹಂಚಿ ವರ್ಷವೋ ಎರಡು ವರ್ಷವೋ ಆಗಿತ್ತು. ಸೊರಬದ ರಸ್ತೆಯಲ್ಲಿ ಈ ಮಿಲ್ಲು ಆಗ ಹೊಸದು. ಕರೆಂಟು ಎಲ್ಲಿಯದು? ಎಣ್ಣೆ ಎಂಜಿನ್ನು. ಅಲ್ಲಿಂದ ಅಕ್ಕಿ ಮಾಡುವ ಯಂತ್ರದವರೆಗೆ ಉದ್ದಕ್ಕೆ ಬೆಲ್ಟು, ಈಗ ಇರುವ ಜಾಗದಲ್ಲೇ. ಅದರ ಕೆಳಗೆ ಬಿದ್ದ ತೌಡು ಗುಡಿಸುವವರು ನಾನು, ನನ್ನ ತಂಗಿ ಲೋಕಮ್ಮ, ಇನ್ನೊಬ್ಬಳು ಸುಂಕಲಮ್ಮ. ಮೊದಲಿಗೆ ಬೆಲ್ಟಿನ ಎರಡೂ ಕಡೆ ಎದೆಯೆತ್ತರ ಹಲಗೆ ಹೊಡೆದಿದ್ದರು, ಯಾರ ಬಟ್ಟೆಯೂ ಸಿಕ್ಕದ ಹಾಗೆ. ಆದರೆ ಸುಗ್ಗಿ ಬಂತು ನೋಡಿ, ಬಂದಳಿಕೆಯಿಂದ, ಅತ್ತ ಸೊರಬದಿಂದ ಗಾಡಿಗಳು ಸಾಲುಗಟ್ಟಿದವು, ಹಲಗೆ ಸುತ್ತಿಕೊಂಡು ಹೋಗಿ ಚೀಲ ಹೊತ್ತರೆ ತಡವಾಗುತ್ತದೆ ಎಂದು ಸಾಹುಕಾರ ಹಲಗೆಗಳನ್ನೆಲ್ಲ ಕೀಳಿಸಿದ. ಗುಡಿಸುವಾಗಲಾದರೂ ಎಂಜಿನ್ನು ನಿಲ್ಲಿಸುತ್ತಿದ್ದನೇ? ಇಲ್ಲ. ನಿಂತರೆ ಮತ್ತೆ ಹತ್ತಿಸಬೇಕಲ್ಲ...

ಸುಂಕಲಮ್ಮ ಬಗ್ಗಿದ್ದಳು. ಹಸಿರು ಚೌಕಳಿ ಸೀರೆ. ಸೆರಗು ಸಿಕ್ಕಿತು. ಎಂಜಿನ್ನಿನ ಮುಕ್ತಾರ್ ಸಾಬರು ಓಡಿಬಂದು ಎಣ್ಣೆ ನಿಲ್ಲಿಸಿದರು, ಆದರೆ ಆ ದೊಡ್ಡ ಚಕ್ರ ನಿಲ್ಲಬೇಕಲ್ಲ? ಅದು ತನಗೆ ಸಾಕಾಗುವವರೆಗೆ ತಿರುಗಿತು... ನಾವು ನೋಡುತ್ತ ನಿಂತೆವು.

ಸಾಹುಕಾರ ಏನು ಮಾಡಿದ? ಒಂದು ಬೂದುಗುಂಬಳಕಾಯಿ ತರಿಸಿ ಒಡೆಸಿದ. ಹೊಸ ಯಂತ್ರ, ಬಲಿ ಕೇಳಿತು, ತಗೊಂಡಿತು, ಇನ್ನು ಸುಮ್ಮನಿರುತ್ತದೆ ಎಂದ. ಜನವೂ ಹೌದು ಎಂದು ತಲೆಯಾಡಿಸಿತು. ಎಂಜಿನ್ನಿಗೆ ಕುಂಕುಮ ಬಂತು, ಹೂವು ಬಂತು, ಊದುಬತ್ತಿ ಬಂತು. ಕಿತ್ತ ಹಲಗೆ ಮಾತ್ರ ಹಿತ್ತಲಲ್ಲಿ ಗೆದ್ದಲು ಹಿಡಿದು ಬಿದ್ದಿತ್ತು!

ಆಮೇಲೆ ಶುರುವಾಯಿತು. ಬೆಲ್ಟಿನ ಹತ್ತಿರ ಬಗ್ಗಿದರೆ ಸಾಕು, ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗುವುದು. ತಿರುಗಿದರೆ ಯಾರೂ ಇಲ್ಲ. ನಾನು ಚೀರಿಕೊಂಡು ಓಡಿದೆ. ಓಡದವಳು ಲೋಕಮ್ಮ ಒಬ್ಬಳೇ.

"ಅಕ್ಕಾ, ಅದು ಬೆಲ್ಟಿನ ಕಡಿಗೆ ಜಗ್ಗಂಗಿಲ್ಲ ನೋಡೆ. ಈಚಿ ಕಡಿಗೆ ಜಗ್ಗತತಿ. ಸುಂಕ್ಲಕ್ಕ ನಮ್ಮನ್ನ ಕಾಯಾಕ ನಿಂತಾಳ."

ನಿಜವೇ. ಆ ಸುಗ್ಗಿಯಲ್ಲಿ ಮತ್ತೆ ಯಾರಿಗೂ ಗೀರು ಗಾಯ ಆಗಲಿಲ್ಲ. ಜಗ್ಗಿದರೆ ಹಿಂದೆ ಸರಿಯುವುದನ್ನು ಕಲಿತೆವು. ಆದರೆ ಹಿಂದೆ ಸರಿದರೆ ತೌಡು ಉಳಿಯುತ್ತದಲ್ಲ? ತೌಡು ಉಳಿದದ್ದು ಸಾಹುಕಾರನ ಕಣ್ಣಿಗೆ ಬಿತ್ತು. ಮಂತ್ರವಾದಿಯನ್ನು ಕರೆಸಿದ. ಲೋಕಮ್ಮ ಎಲ್ಲರೆದುರು ಹೋಗಿ ನಿಂತಳು.

"ಸಾವ್ಕಾರ್ರೆ, ಮಂತ್ರ ಬ್ಯಾಡ್ರಿ. ಹಲಗಿ ಹೊಡಸ್ರಿ."

"ಹಲಗಿಗೆ ದೆವ್ವ ಹೆದರ್ತತೇನೆ, ಹುಚ್ಚಿ?" ಎಂದ. ಎಲ್ಲರೂ ನಕ್ಕರು. ಗಾಡಿಯವರೂ ನಕ್ಕರು.

ಹಿತ್ತಲ ನೇರಳೆ ಮರಕ್ಕೆ, ಸುಂಕಲಮ್ಮನ ಸೀರೆಯ ಚಿಂದಿ ಸುತ್ತಿದ ಗೇಣುದ್ದದ ಮೊಳೆ ಹೊಡೆದು, ಅವಳನ್ನು ಕಟ್ಟಿದರು. ನೋಡಿ, ಆ ಸುತ್ತಿಗೆ ಇತ್ತು, ಮೊಳೆ ಇತ್ತು, ಹೊಡೆಯುವ ತೋಳಿತ್ತು. ಗೆದ್ದಲು ತಿಂದ ಹಲಗೆಗಳು ಅಲ್ಲೇ ಕಾಲಡಿಯಲ್ಲಿ ಇದ್ದವು. ಅದೇ ಮೊಳೆಯನ್ನು ಹಲಗೆಗೆ ಹೊಡೆಯಬಾರದಿತ್ತೇ?

ಮರುದಿನ ಲೋಕಮ್ಮ ಬಗ್ಗಿದಳು. ಯಾರೂ ಜಗ್ಗಲಿಲ್ಲ.

ಅವಳು ಬದುಕಿದಳು. ಬಲಗೈ ಹೋಯಿತು. ದಿನಾ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಬೆನ್ನು ಮಾಡಿ ಕೂರುತ್ತಿದ್ದಳು, ಕೂದಲು ನರೆತ ಮೇಲೂ. ಸಾಹುಕಾರ ಇನ್ನೊಂದು ಕುಂಬಳಕಾಯಿ ತರಿಸಿದ.

"ಆ ಮೊಳಿ ಕೀಳಕ್ಕಾ," ಎನ್ನುತ್ತಿದ್ದಳು ಲೋಕಮ್ಮ, ಸಾಯುವವರೆಗೂ ಅದೊಂದೇ ಮಾತು. ಕೀಳಲು ನೋಡದೆ ಬಿಟ್ಟೆನೇ? ಇಕ್ಕಳ ಹಿಡಿದು ಜಗ್ಗಿದೆ, ಕಲ್ಲಲ್ಲಿ ಕುಟ್ಟಿದೆ. ಮರ ತೊಗಟೆ ಬೆಳೆಸಿ ಅದನ್ನು ನುಂಗಿಬಿಟ್ಟಿತ್ತು. ಇಷ್ಟು ಮುದುಕಿಯಾಗಿಯೂ ಕಸಬರಿಗೆ ಹಿಡಿದು ಇಲ್ಲಿ ಯಾಕೆ ಓಡಾಡುತ್ತೇನೆ ಎಂದು ಕೇಳುತ್ತೀರಲ್ಲ... ಅಜ್ಜ ಹೋದ, ಮಗ ಹೋದ, ಮೊಮ್ಮಗ ಬಂದ. ಎಣ್ಣೆ ಹೋಗಿ ಕರೆಂಟು ಬಂತು. ಹಲಗೆ ಬರಲಿಲ್ಲ. ಬೆಲ್ಟು ಈಗಲೂ ಬೆತ್ತಲೆಯಾಗಿ ಓಡುತ್ತದೆ, ಸುಂಕಲಮ್ಮ ಮಾತ್ರ ಕಟ್ಟಿನಲ್ಲಿದ್ದಳು. ಸಿಟ್ಟು ಬರುವುದಿಲ್ಲವೇ ನಿಮಗೆ? ನನಗೆ ಬರುತ್ತದೆ. ದೆವ್ವದ ಮೇಲಲ್ಲ.

ಸಂಜೆ ಹಿತ್ತಲಲ್ಲಿ ದೊಡ್ಡ ಸದ್ದಾಯಿತಲ್ಲ, ಸಿಡಿಲು ಎಂದಿರಿ. ಸಿಡಿಲಲ್ಲ, ಆ ನೇರಳೆ ಮರ. ಗಾಳಿಗೆ ನಟ್ಟನಡುವೆ ಸೀಳಿ ಬಿದ್ದಿದೆ. ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಹೋಗಿ ನೋಡಿಬಂದೆ. ಇಗೋ, ನನ್ನ ಮುಷ್ಟಿಯಲ್ಲಿ... ನೋಡಿ. ಬೆರಳು ಹಾಕಿದರೆ ಕೈಗೆ ಬಂತು. ತುಕ್ಕು ಹಿಡಿದಿದೆ. ಸುತ್ತಿದ್ದ ಚಿಂದಿ ಮಾತ್ರ ಇಲ್ಲ.

ಗುಡ್ಡಮ್ಮ, ಯಾಕೆ ಹಾಗೆ ಹಿಂದೆ ತಿರುಗಿ ನೋಡಿದೆ? ನಿನ್ನ ಬೆನ್ನಿಗೆ ಗೋಡೆ ಬಿಟ್ಟರೆ ಏನಿದೆ?

"ಅಜ್ಜಿ... ಯಾರೋ ನನ್ನ ಸೆರಗು..."

ಮಾತು ಬೇಡ. ಕಾಲು ತೆಗೆ. ಗೋಡೆ ಹಿಡಿದುಕೊಂಡೇ ಈಚೆ ಬಾ, ಬೇಗ... ಮೇಲೆ ನೋಡಿರೇ, ಬಲ್ಬಿನ ತಂತಿ ಕೆಂಪಾಗುತ್ತಿದೆ.