ಚಿಕ್ಕಹನುಮಯ್ಯ ಬೀಳದಿದ್ದ ಸಂಜೆ

ಮುನಿತಾಯಮ್ಮನವರೇ, ಮನೆಯ ಮಕ್ಕಳೇ, ಕುರುಬರಹಳ್ಳಿ ಗರಡಿಯ ಹಿರಿಯರೇ, ರಾಜಾಜಿನಗರದಿಂದ, ವಿಜಯನಗರದಿಂದ ಬಂದಿರುವ ನಮ್ಮ ಕುಸ್ತಿ ಕಂಪನಿಯ ಹಳೆಯ ಪ್ರೇಕ್ಷಕರೇ — ಎಲ್ಲರಿಗೂ ನಮಸ್ಕಾರ.

ನನ್ನ ಹೆಸರು ಸತ್ಯವತಿ. ಹೋದ ವಾರ ನಿದ್ದೆಯಲ್ಲೇ ನಮ್ಮನ್ನು ಬಿಟ್ಟುಹೋದ ಪೈಲ್ವಾನ್ ಚಿಕ್ಕಹನುಮಯ್ಯನವರು ಆ ಕಂಪನಿಯಲ್ಲಿ ಕುಸ್ತಿ ಆಡುತ್ತಿದ್ದಾಗ ನಾನು ಅಲ್ಲಿ ಟೈಪಿಸ್ಟ್. ಸಂಜೆ ಮೈಕಿನ ಮುಂದೆ ಕೂತು ಪೈಲ್ವಾನರ ಹೆಸರು ಹೇಳುವುದೂ ನನ್ನ ಕೆಲಸವೇ ಆಗಿತ್ತು. ಇಂಥ ಸಭೆಯಲ್ಲಿ ಏನು ಮಾತಾಡಬೇಕೆಂದು ನನಗೆ ತಿಳಿಯಲಿಲ್ಲ. ಬೆಳಿಗ್ಗೆ ಅವರ ಪತ್ನಿ ಮುನಿತಾಯಮ್ಮನವರನ್ನೇ ಕೇಳಿದೆ. "ಅಳ್ಸೋರು ಬೇಕಾದಷ್ಟು ಜನ ಬಂದು ಹೋದ್ರು ಕಣಮ್ಮ. ನೀವು ನಗ್ಸಿ," ಎಂದರು. ಆದ್ದರಿಂದ — ಪಕ್ಕದವರು ನಕ್ಕರೆ ತಪ್ಪು ತಿಳಿಯಬೇಡಿ. ಮನೆಯವರ ಅಪ್ಪಣೆಯಾಗಿದೆ.

ಹನುಮಯ್ಯನವರು ಈ ಗರಡಿಯಲ್ಲಿ ಗೆಲ್ಲುವ ಪೈಲ್ವಾನ್. ಕಂಪನಿಯಲ್ಲಿ — ಸೋಲುವ ಪೈಲ್ವಾನ್. ಅಲ್ಲಿ ಯಾರು ಗೆಲ್ಲಬೇಕೆಂದು ಮಧ್ಯಾಹ್ನವೇ ಮ್ಯಾನೇಜರು ಹೇಳಿಬಿಡುತ್ತಿದ್ದರು. ಹನುಮಯ್ಯನವರಿಗೆ ಕರಿ ಮುಖವಾಡ, ಉದ್ದನೆಯ ನಿಲುವಂಗಿ. ಹೆಸರು — ಅದನ್ನು ಇಟ್ಟವಳು ನಾನೇ — 'ಟೆರರ್ ಆಫ್ ಟ್ರಿಪೊಲಿ'. ಕೆಂಗೇರಿ ದಾಟದ ಮನುಷ್ಯ! ಒಂದು ದಿನ ಮೆಲ್ಲಗೆ ಬಂದು, "ಮೇಡಂ, ಈ ಟ್ರಿಪೊಲಿ ಎಲ್ಲಿ ಬರುತ್ತೆ? ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ," ಎಂದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಸಮುದ್ರದ ಪಕ್ಕ ಎಂದೆ. "ಹಂಗಾದ್ರೆ ಈಜು ಬರುತ್ತೆ ಅಂತ ಹೇಳ್ಬಿಡ್ತೀನಿ," ಎಂದು ಹೊರಟೇಹೋದರು.

ಅವರು ಬೀಳುವುದನ್ನು ನೀವು ನೋಡಿದ್ದೀರಿ. ಹೀಗೆ — ಎರಡೂ ಕೈ ಮೇಲೆ, ಕಣ್ಣು ಆಕಾಶಕ್ಕೆ, ಆಮೇಲೆ ದಡ್ ಎಂದು. ಅಷ್ಟು ಚೆನ್ನಾಗಿ ಸೋಲುವವರನ್ನು ನಾನು ಮತ್ತೆ ಕಂಡಿಲ್ಲ. ಮುನಿತಾಯಮ್ಮನವರು ಒಮ್ಮೆ ಬಂದು ನೋಡಿ, ಮನೆಯಲ್ಲಿ ಒಂದು ಮಾತಿಗೂ ಸೋಲದವರು ಇಲ್ಲಿ ನೋಡಿ ಎಂದು ಗೊಣಗುತ್ತಾ ಎದ್ದುಹೋದರು.

ಆದರೆ ಅವರು ಬೀಳುತ್ತಿದ್ದದ್ದು ಯಾವುದರ ಮೇಲೆ? ಗರಡಿಯಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಮ್ಮಣ್ಣು. ನಮ್ಮ ಡೇರೆಯ ಸ್ಟೇಜಿನಲ್ಲಿ ಬರೀ ಹಲಗೆ, ಮೇಲೊಂದು ಗೋಣಿ, ಅದರ ಮೇಲೆ ಕ್ಯಾನ್ವಾಸು. ಎಪ್ಪತ್ಮೂರರ ಬೇಸಿಗೆಯಲ್ಲಿ, ಇಗೋ ಇಲ್ಲಿ ಕೂತಿರುವ ಕೃಷ್ಣಯ್ಯನವರಿಗೆ ಆ ಹಲಗೆಯ ಮೇಲೆ ಬಿದ್ದು ತಿಂಗಳುಗಟ್ಟಲೆ ಬೆನ್ನು ನೆಟ್ಟಗೆ ಮಾಡಲಾಗಲಿಲ್ಲ. ಅವರು ಮತ್ತೆ ಆಡಲು ಬಂದಾಗ ಹನುಮಯ್ಯನವರು ಎಲ್ಲ ಪೈಲ್ವಾನರ ಪರವಾಗಿ ಆಫೀಸಿಗೆ ಬಂದರು. ಕೇಳಿದ್ದು ಒಂದೇ. ಸ್ಟೇಜು ತೆಗೆಸಿ, ನೆಲಕ್ಕೆ ಮಣ್ಣು ಹಾಕಿಸಿ. ಇನ್ನೊಂದು ಸಲ ಹಲಗೆಯ ಮೇಲೆ ಬಿದ್ದರೆ ಕೃಷ್ಣಯ್ಯ ಏಳುವುದಿಲ್ಲ.

ಮ್ಯಾನೇಜರ್ ಲಕ್ಷ್ಮೀಪತಿಯವರು ಕೆಟ್ಟವರಲ್ಲ. ಇಲ್ಲೇ ಇದ್ದಾರೆ, ಅವರೆದುರೇ ಹೇಳುತ್ತಿದ್ದೇನೆ. ಅವರ ಚಿಂತೆಯೂ ನಿಜವೇ — ನೆಲದ ಮೇಲೆ ಆಡಿದರೆ ಹಿಂದಿನ ಸಾಲಿಗೆ ಕಾಣುವುದಿಲ್ಲ, ಕಾಣದಿದ್ದರೆ ಜನ ಬರುವುದಿಲ್ಲ, ಜನ ಬರದಿದ್ದರೆ ಕಂಪನಿಯೇ ಇಲ್ಲ. ಅದಕ್ಕೆ ಹನುಮಯ್ಯನವರು, "ಕಾಣ್ದೇ ಇದ್ರೆ ನಿಂತ್ಕೊಂಡು ನೋಡ್ತಾರೆ ಸಾರ್," ಎಂದರು. ಮ್ಯಾನೇಜರು ನಕ್ಕುಬಿಟ್ಟರು. ಬೀಳುವುದೂ ಒಂದು ನಟನೆ ತಾನೆ, ಇಷ್ಟವಿಲ್ಲದವರು ಬಿಟ್ಟುಹೋಗಬಹುದು ಎಂದರು. ನಡುವೆ, ಟೈಪ್‌ರೈಟರಿನ ಹಿಂದೆ, ನಾನು. ಯಾರ ಕಡೆಗಿದ್ದೆ? ಈಗಲೂ ಕೇಳಿಕೊಳ್ಳುತ್ತೇನೆ. ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು — ಬಹುಶಃ ಅದೇ ನನ್ನ ಕಷ್ಟ.

ಆ ಶನಿವಾರ ಡೇರೆ ತುಂಬಿತ್ತು. ಹನುಮಯ್ಯನವರಿಗೂ ಕೃಷ್ಣಯ್ಯನವರಿಗೂ ಜೋಡಿ. ಗರಡಿಯವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ — ಹಿಡಿತಕ್ಕೆ ಮೊದಲು ಒಬ್ಬರ ಅಂಗೈಗೆ ಇನ್ನೊಬ್ಬರು ಚಿಟಿಕೆ ಮಣ್ಣು ಸವರಬೇಕು. ಅದಾಗದೆ ಆಟ ಶುರುವಾಗುವುದಿಲ್ಲ. ಕಂಪನಿಯಲ್ಲಿ ಮಣ್ಣಿಲ್ಲವೆಂದು ಹನುಮಯ್ಯನವರೇ ಈ ಗರಡಿಯ ಮಣ್ಣನ್ನು ಕಾಗದದಲ್ಲಿ ಕಟ್ಟಿ ದಿನವೂ ತರುತ್ತಿದ್ದರು. ಅವತ್ತು — ತರಲಿಲ್ಲ.

ಸೀಟಿ ಊದಿದರು. ಇಬ್ಬರೂ ಕೈ ಹಿಡಿದು ನಿಂತರು. ಸುಮ್ಮನೆ ನಿಂತರು. "ಏನ್ ಗುರು, ಫೋಟೋ ತೆಗೆಸ್ಕೊಳ್ತಾ ಇದೀರಾ?" ಎಂದು ಯಾರೋ ಕೂಗಿದರು. ಮ್ಯಾನೇಜರು ಮಲ್ಲತ್ತಹಳ್ಳಿಯ ಇನ್ನೊಂದು ಜೋಡಿಯನ್ನು ಹತ್ತಿಸಿದರು. ಅವರು ಹನುಮಯ್ಯನವರ ಕಾಲು ಮುಟ್ಟಿ, ಮಣ್ಣು ಕೊಡಿ ಉಸ್ತಾದ್ ಎಂದು ಕೈ ಚಾಚಿದರು. "ಇಲ್ಲ ಕಣ್ರಪ್ಪಾ," ಎಂದರು ಇವರು. ಸರಿ, ಅವರೂ ಕೈ ಹಿಡಿದು ನಿಂತರು. ಈಗ ಸ್ಟೇಜಿನ ಮೇಲೆ ನಿಂತವರು ನಾಲ್ಕು ಜನ!

ಪೈಲ್ವಾನರ ಮೊಂಡುತನದಿಂದ ಆಟ ರದ್ದಾಗಿದೆ ಎಂದು ಹೇಳಿಬಿಡಿ — ಮ್ಯಾನೇಜರು ನನ್ನ ಕಡೆ ತಿರುಗಿ ಹೇಳಿದರು. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಮೈಕಿನಲ್ಲಿ ಹೇಳುವಂಥ ಮರ್ಯಾದೆಯ ಮಾತು ಹುಡುಕಿದೆ, ಸಿಗಲಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದೆ: "ಪೈಲ್ವಾನರು ನಿಂತಿದ್ದಾರೆ." ಅದು ಧೈರ್ಯವೋ, ನನ್ನ ಕನ್ನಡದ ಬಡತನವೋ — ಗೊತ್ತಿಲ್ಲ. ಡೇರೆ ಮಾತ್ರ ಚಪ್ಪಾಳೆ ತಟ್ಟಿತು.

ಆಗ ಲಕ್ಷ್ಮೀಪತಿಯವರೇ ಸ್ಟೇಜು ಹತ್ತಿದರು. ಬೀಳುವುದಕ್ಕೆ ಇಷ್ಟೊಂದು ರಗಳೆಯೇ ಎಂದರು. ಹನುಮಯ್ಯನವರು ಮುಖವಾಡ ತೆಗೆದರು. ಟ್ರಿಪೊಲಿ ಕುರುಬರಹಳ್ಳಿಯಲ್ಲೇ ಇದೆಯೆಂದು ಅವತ್ತು ಎಲ್ಲರಿಗೂ ತಿಳಿಯಿತು. "ನೀವೇ ಒಂದ್ಸಲ ಬಿದ್ದು ನೋಡಿ ಸಾರ್. ಯಾರೂ ತಳ್ಳಲ್ಲ," ಎಂದರು.

ಬೇರೆ ಮ್ಯಾನೇಜರಾಗಿದ್ದರೆ ಪೊಲೀಸರನ್ನು ಕರೆಸುತ್ತಿದ್ದರು. ಇವರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಎರಡೂ ಕೈ ಮೇಲೆ, ಕಣ್ಣು ಆಕಾಶಕ್ಕೆ — ದಡ್. ಡೇರೆ ಗೊಳ್ಳೆಂದಿತು. ಅವರು ಏಳಲಿಲ್ಲ. ಮಲಗಿದ್ದಲ್ಲಿಂದಲೇ ಅವರು ಕೇಳಿದರು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

"ಹನುಮಯ್ಯ, ದಿನಾ ಹೀಗೇ ಬೀಳ್ತೀಯೇನಯ್ಯ?"

"ದಿನಾ ಇಲ್ಲ ಸಾರ್. ಸೋಮವಾರ ರಜ."

ಲಕ್ಷ್ಮೀಪತಿಯವರೇ, ನೀವೂ ನಗಬಹುದು. ಅವತ್ತು ಮೊದಲು ನಕ್ಕವರು ನೀವೇ — ಮಲಗಿಕೊಂಡೇ. ಎತ್ತಿ ನಿಲ್ಲಿಸಿದ್ದು ಹನುಮಯ್ಯನವರು. ಗೆದ್ದರೆಂದು ಸೀಟಿ ಊದಿದವರು ಅವರ ಕೈ ಎತ್ತಲು ಬಂದಾಗ ಕೈ ಎಳೆದುಕೊಂಡು, "ನಾನಲ್ಲ, ಹಲಗೆ ಗೆದ್ದಿದ್ದು," ಎಂದರು.

ಮುಂದಿನ ಆಟಕ್ಕೆ ಸ್ಟೇಜು ಇರಲಿಲ್ಲ. ಈ ಗರಡಿಯಿಂದ ಎತ್ತಿನ ಗಾಡಿಯಲ್ಲಿ ಮಣ್ಣು ಬಂತು. ಮ್ಯಾನೇಜರು ಸೊಂಟ ಹಿಡಿದುಕೊಂಡು ನಿಂತು ಹಾಕಿಸಿದರು. ಹನುಮಯ್ಯನವರು ಮತ್ತೆ ಮುಖವಾಡ ಹಾಕಿ ಸಂತೋಷವಾಗಿ ಸೋಲತೊಡಗಿದರು. ಕೃಷ್ಣಯ್ಯನವರು, ನೋಡಿ, ಇವತ್ತಿಗೂ ಬೆನ್ನು ನೆಟ್ಟಗೆ ಕೂತಿದ್ದಾರೆ. ಹಿಂದಿನ ಸಾಲಿಗೆ ಕಾಣುತ್ತಿರಲಿಲ್ಲ, ಅದು ನಿಜ. ಆದರೆ ಒಬ್ಬರೂ ಮನೆಗೆ ಹೋಗಲಿಲ್ಲ.

ಇವತ್ತು ಹನುಮಯ್ಯನವರ ಫೋಟೋವನ್ನು ಮೇಜಿನ ಮೇಲೆ ಬೇಡವೆಂದು ಮುನಿತಾಯಮ್ಮನವರು ಗರಡಿಯ ಮಣ್ಣಿನ ಮೇಲೆ ಇಡಿಸಿದ್ದಾರೆ. ಕಾಣಿಸುತ್ತಿಲ್ಲವೆಂದು ಹಿಂದೆ ಕೂತವರು ಆಗಲೇ ಹೇಳಿದರು. ಅದಕ್ಕೆ ಉತ್ತರವನ್ನು ಹನುಮಯ್ಯನವರೇ ಕೊಟ್ಟುಹೋಗಿದ್ದಾರೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಪಕ್ಕದವರ ಕೈ ಹಿಡಿದುಕೊಳ್ಳಿ. ಎರಡು ನಿಮಿಷ — ಅವತ್ತು ಅವರು ನಿಂತ ಹಾಗೆ, ಸುಮ್ಮನೆ.